ಮಟ್ಟು ಮತ್ತು ಮಾತು: ಐರ್ಲೆಂಡಿನ ಸಂಗೀತ ಸಂಶೋಧನೆಯ ಎರಡು ಶತಮಾನಗಳು

ಒಂದು ಜನಾಂಗ ತನ್ನ ಭಾಷೆಯನ್ನು ಸ್ವಲ್ಪಸ್ವಲ್ಪವಾಗಿ ಕಳೆದುಕೊಳ್ಳುತ್ತ ಬಂದರೆ ಅದರ ಹಾಡುಗಳ ಗತಿ ಏನು? ಮಾತು ಹೋದ ಮೇಲೂ ಮಟ್ಟು ಉಳಿಯುತ್ತದೆಯೆ? ಉಳಿದ ಮಟ್ಟು ಬೇರೊಂದು ಭಾಷೆಯ ಮಾತನ್ನು ಹೊತ್ತು ನಡೆದರೆ ಅದನ್ನು ಹಳೆಯ ಹಾಡೆನ್ನಬೇಕೆ, ಹೊಸ ಹಾಡೆನ್ನಬೇಕೆ? ಗಡಿನಾಡಿನ ಶಾಲೆಗಳಲ್ಲಿ ಪಾಠ ಹೇಳುವ ನಮ್ಮಂಥವರಿಗೆ ಇವು ಬರಿಯ ಕುತೂಹಲದ ಪ್ರಶ್ನೆಗಳಲ್ಲ. ಆದರೆ ನಮ್ಮ ಅಂಗಳದಲ್ಲಿಯೇ ನಿಂತು ಇವನ್ನು ಕೇಳಿಕೊಂಡರೆ ಅಭಿಮಾನವೂ ಆತಂಕವೂ ಅಡ್ಡ ಬಂದು ಉತ್ತರ ತಿಳಿಯಾಗಿ ಕಾಣಿಸದು. ಆದಕಾರಣ ದೂರದ ಒಂದು ದ್ವೀಪದ ಅನುಭವವನ್ನು ಇಲ್ಲಿ ವಿವರಿಸಲು ಹೊರಟಿದ್ದೇವೆ. ಅದು ಐರ್ಲೆಂಡ್.

ಐರ್ಲೆಂಡ್ ನಮಗೆ ತೀರ ಅಪರಿಚಿತವಾದ ದೇಶವೇನೂ ಅಲ್ಲ. ೧೯೧೯ರ ಫೆಬ್ರುವರಿಯಲ್ಲಿ ರವೀಂದ್ರನಾಥ ಠಾಕೂರರು ಮದನಪಲ್ಲಿಯ ಕಾಲೇಜಿಗೆ ಬಂದಿದ್ದಾಗ ‘ಜನಗಣಮನ’ದ ಧಾಟಿಯನ್ನು ಪಾಶ್ಚಾತ್ಯ ಸ್ವರಲಿಪಿಯಲ್ಲಿ ಬರೆದಿಟ್ಟವರು ಮಾರ್ಗರೆಟ್ ಕಸಿನ್ಸ್ ಎಂಬ ಐರಿಷ್ ಮಹಿಳೆ. ಆಕೆ ತಮ್ಮ ನಾಡಿನಲ್ಲಿ ಸಂಗೀತದ ಪದವಿ ಪಡೆದವರು. ೧೯೧೯–೨೦ರಲ್ಲಿ ಮಂಗಳೂರಿನ ರಾಷ್ಟ್ರೀಯ ಬಾಲಿಕಾ ಶಾಲೆಯ ಮೊದಲ ಮುಖ್ಯೋಪಾಧ್ಯಾಯಿನಿಯಾಗಿ ಕೆಲಸ ಮಾಡಿದವರು. ಬಾಯಲ್ಲಿದ್ದ ಹಾಡನ್ನು ಕಾಗದಕ್ಕಿಳಿಸುವ ವಿದ್ಯೆ ಆ ವೇಳೆಗಾಗಲೇ ಆಕೆಯ ನಾಡಿನಲ್ಲಿ ನೂರಿಪ್ಪತ್ತು ವರ್ಷಗಳಿಗೂ ಮಿಕ್ಕ ಪರಂಪರೆಯಾಗಿತ್ತು. ಆ ಪರಂಪರೆ ಹೇಗೆ ಹುಟ್ಟಿತು, ಎಲ್ಲಿ ಎಡವಿತು, ಎಡವಿದ್ದನ್ನು ಹೇಗೆ ತಿದ್ದಿಕೊಂಡಿತು ಎಂಬುದೇ ಈ ಲೇಖನದ ವಿಷಯ.

ಮೊದಲಿಗೆ ಎರಡು ಪದಗಳ ವಿಚಾರ ಹೇಳಿಬಿಡುತ್ತೇವೆ. ಪದ್ಯವನ್ನು ಹೊತ್ತು ನಡೆಯುವ ಧಾಟಿಯನ್ನು ಯಕ್ಷಗಾನದವರು ಮಟ್ಟು ಎನ್ನುತ್ತಾರಷ್ಟೆ. ಆ ಮಾತನ್ನೇ ಇಲ್ಲಿ ಬಳಸಿದ್ದೇವೆ. ಸಂತೆ ಜಾತ್ರೆಗಳಲ್ಲಿ ಹಾಡಿ ಹರಡುವ ಕಥನಗೀತಕ್ಕೆ ಇಂಗ್ಲೀಷಿನಲ್ಲಿ ಬ್ಯಾಲಡ್ ಎಂದು ಹೆಸರು. ಅದಕ್ಕೆ ಲಾವಣಿ ಎಂದಿದ್ದೇವೆ. ಸಂಗೊಳ್ಳಿ ರಾಯಣ್ಣನ ಲಾವಣಿಯನ್ನು ಕೇಳಿದವರಿಗೆ ಐರಿಷ್ ರಾಜಕೀಯ ಲಾವಣಿ ಎಂಥದೆಂದು ವಿವರಿಸಬೇಕಾಗಿಲ್ಲ.

ಬೆಲ್‌ಫಾಸ್ಟಿನ ನಾಲ್ಕು ದಿನಗಳು

ಹಾರ್ಪ್ ಎಂಬ ತಂತಿವಾದ್ಯ ಐರ್ಲೆಂಡಿನ ಪ್ರಾಚೀನ ವಾದ್ಯ. ಗೇಲಿಕ್ ಪಾಳೆಯಗಾರರ ಆಶ್ರಯದಲ್ಲಿ ಹಾರ್ಪ್ ವಾದಕರು ಶತಮಾನಗಳ ಕಾಲ ಬದುಕಿದ್ದರು. ಹದಿನೇಳನೆಯ ಶತಮಾನದಲ್ಲಿ ಆ ಪಾಳೆಯಗಾರರು ಇಂಗ್ಲೀಷರ ಕೈಯಲ್ಲಿ ಸೋತು ನೆಲೆತಪ್ಪಿದಾಗ ವಾದಕರೂ ಊರೂರು ಅಲೆಯುವವರಾದರು. ೧೬೭೦ರಿಂದ ೧೭೩೮ರವರೆಗೆ ಬಾಳಿದ ಕುರುಡು ವಾದಕ ಟರ್ಲೋ ಓ ಕ್ಯಾರೊಲನ್ ಅವರಲ್ಲಿ ಹೆಸರಾಂತವನು. ಹದಿನೆಂಟನೆಯ ಶತಮಾನದ ಕೊನೆಗೆ ಬೆರಳೆಣಿಕೆಯಷ್ಟು ಮಂದಿ ಮಾತ್ರ ಉಳಿದರು.

೧೭೯೨ರ ಜುಲೈ ತಿಂಗಳಲ್ಲಿ ಬೆಲ್‌ಫಾಸ್ಟ್ ನಗರದ ಕೆಲವು ಗಣ್ಯರು ಉಳಿದವರನ್ನೆಲ್ಲ ಒಂದೆಡೆ ಸೇರಿಸಿದರು. ಬಂದವರು ಹತ್ತು ಮಂದಿ ಐರಿಷರು, ಒಬ್ಬ ವೇಲ್ಸಿನವನು. ಅವರಲ್ಲಿ ಹಿರಿಯನಾದ ಡೆನಿಸ್ ಹೆಂಪ್‌ಸನ್‌ಗೆ ಆಗ ಸುಮಾರು ತೊಂಬತ್ತೇಳು ವರ್ಷ ಎಂದು ಪ್ರತೀತಿ. ಲೋಹದ ತಂತಿಗಳನ್ನು ಉದ್ದನೆಯ ಉಗುರುಗಳಿಂದ ಮೀಟುವ ಹಳೆಯ ಕ್ರಮ ಅವನೊಬ್ಬನಲ್ಲಿ ಮಾತ್ರ ಉಳಿದಿತ್ತು. ಅವರು ನುಡಿಸಿದ್ದನ್ನು ಬರೆದುಕೊಳ್ಳಲು ನೇಮಕವಾದವನು ಎಡ್ವರ್ಡ್ ಬಂಟಿಂಗ್, ಹತ್ತೊಂಬತ್ತು ವರ್ಷದ ಆರ್ಗನ್ ವಾದಕ. ನುಡಿಸಿದ್ದಕ್ಕೆ ಒಂದು ಸ್ವರವನ್ನೂ ಸೇರಿಸದೆ ಬರೆಯಬೇಕೆಂದು ಅವನಿಗೆ ಆದೇಶವಿತ್ತು.

ಬಂಟಿಂಗನಿಗೆ ಆ ನಾಲ್ಕು ದಿನಗಳು ಬಾಳಿನ ದಿಕ್ಕನ್ನೇ ತಿರುಗಿಸಿದವು. ಮುಂದೆ ಹಳ್ಳಿಹಳ್ಳಿ ತಿರುಗಿ ಇನ್ನಷ್ಟು ಸಂಗ್ರಹಿಸಿ ೧೭೯೭, ೧೮೦೯, ೧೮೪೦ರಲ್ಲಿ ಮೂರು ಸಂಪುಟಗಳನ್ನು ಹೊರತಂದನು. ಅವನಿಗೆ ಐರಿಷ್ ಭಾಷೆ ಬಾರದು. ಆದ್ದರಿಂದ ೧೮೦೨ರಲ್ಲಿ ಪ್ಯಾಟ್ರಿಕ್ ಲಿಂಚ್ ಎಂಬ ಐರಿಷ್ ಉಪಾಧ್ಯಾಯನನ್ನು ಪಶ್ಚಿಮದ ಕಾನಾಟ್ ಪ್ರಾಂತಕ್ಕೆ ಕಳುಹಿಸಿದನು. ಲಿಂಚ್ ಗುಡಿಸಿಲು ಗುಡಿಸಿಲಿಗೆ ಹೋಗಿ ಹಾಡುಗಳ ಮಾತನ್ನು ಬರೆದುಕೊಂಡನು. ಬಂಟಿಂಗ್ ಮಟ್ಟನ್ನು ಬರೆದುಕೊಂಡನು. ಒಂದೇ ಹಾಡಿನ ಎರಡು ಭಾಗಗಳು ಎರಡು ಪುಸ್ತಕಗಳಲ್ಲಿ ಕುಳಿತವು.

ಮರುವರ್ಷ ಒಂದು ರಾಜದ್ರೋಹದ ಮೊಕದ್ದಮೆಯಲ್ಲಿ ಲಿಂಚ್ ಸರ್ಕಾರದ ಪರವಾಗಿ ಸಾಕ್ಷಿ ಹೇಳಬೇಕಾಗಿ ಬಂದು ಆ ವಲಯದಲ್ಲಿ ಅವನ ಮರ್ಯಾದೆ ಹೋಯಿತು. ೧೮೦೯ರ ಸಂಪುಟ ಅಚ್ಚಾದಾಗ ಅದರಲ್ಲಿ ಅವನು ತಂದ ಐರಿಷ್ ಮಾತುಗಳು ಇರಲಿಲ್ಲ. ಅವುಗಳ ಜಾಗದಲ್ಲಿ ಇಂಗ್ಲೀಷ್ ಪದ್ಯಗಳು ಬಂದಿದ್ದವು. ಮಟ್ಟುಗಳಿಗಾದರೋ ಪಿಯಾನೋಗೆ ಒಗ್ಗುವಂತೆ ಸ್ವರಮೇಳವನ್ನು ಜೋಡಿಸಲಾಗಿತ್ತು. ಒಂದು ಸ್ವರವನ್ನೂ ಸೇರಿಸಬಾರದೆಂಬ ಆದೇಶ ಹಸ್ತಪ್ರತಿಯಲ್ಲಿ ನಡೆದಷ್ಟು ಅಚ್ಚಿನಲ್ಲಿ ನಡೆಯಲಿಲ್ಲ. ಮಟ್ಟು ಮಾತುಗಳ ಅಗಲಿಕೆ ಹೀಗೆ, ಹಾಡನ್ನು ಉಳಿಸಬೇಕೆಂದು ದುಡಿದವರ ಕೈಯಲ್ಲಿಯೇ ಆರಂಭವಾಯಿತು.

ಲಾವಣಿಗಳ ರಾಜಕೀಯ

ಬಂಟಿಂಗನ ಮಟ್ಟುಗಳು ಅಚ್ಚಾದುದೇ ತಡ, ಅವಕ್ಕೆ ಹೊಸ ಒಡೆಯರು ಹುಟ್ಟಿಕೊಂಡರು. ಕವಿ ತಾಮಸ್ ಮೂರ್ ೧೮೦೮ರಿಂದ ೧೮೩೪ರವರೆಗೆ ‘ಐರಿಷ್ ಮೆಲೊಡೀಸ್’ ಎಂಬ ಹತ್ತು ಸಂಚಿಕೆಗಳನ್ನು ಪ್ರಕಟಿಸಿದನು. ಹಳೆಯ ಮಟ್ಟು, ಹೊಸ ಇಂಗ್ಲೀಷ್ ಪದ್ಯ, ಪಿಯಾನೋ. ಲಂಡನ್ನಿನ ಶ್ರೀಮಂತರ ಮನೆಗಳಲ್ಲಿ ಐರ್ಲೆಂಡಿನ ದುಃಖ ಮಧುರವಾಗಿ ಕೇಳಿಸತೊಡಗಿತು. ತನ್ನ ಮಟ್ಟುಗಳನ್ನು ತೆಗೆದುಕೊಂಡುದಕ್ಕಾಗಿ ಬಂಟಿಂಗ್ ಕೊನೆಯವರೆಗೂ ನೊಂದುಕೊಂಡನು. ಆದರೆ ಆ ಮಟ್ಟುಗಳನ್ನು ಲೋಕಕ್ಕೆ ಪರಿಚಯಿಸಿದವನು ಮೂರ್ ಎಂಬುದನ್ನೂ ಅಲ್ಲಗಳೆಯುವಂತಿಲ್ಲ.

ಬೀದಿಯಲ್ಲಿ ಬೇರೆಯೇ ಸಂಗೀತ ನಡೆದಿತ್ತು. ಅಗ್ಗದ ಕಾಗದದ ಒಂದೇ ಮಗ್ಗುಲಿಗೆ ಅಚ್ಚುಹಾಕಿದ ಲಾವಣಿಗಳನ್ನು ಹಾಡುಗಾರರು ಸಂತೆಗಳಲ್ಲಿ ಹಾಡುತ್ತ ಒಂದೆರಡು ಕಾಸಿಗೆ ಮಾರುತ್ತಿದ್ದರು. ಅದರಲ್ಲಿ ಸ್ವರಲಿಪಿ ಇರುತ್ತಿರಲಿಲ್ಲ. ಹೆಚ್ಚೆಂದರೆ ಇಂಥ ಮಟ್ಟಿನಲ್ಲಿ ಹಾಡುವುದು ಎಂಬ ಸೂಚನೆ. ಅಂದರೆ ಬಂಟಿಂಗನಲ್ಲಿ ಮಾತಿಲ್ಲದ ಮಟ್ಟು, ಬೀದಿಯ ಕಾಗದದಲ್ಲಿ ಮಟ್ಟಿಲ್ಲದ ಮಾತು. ದಂಗೆಯ ಹಾಡು ಹಾಡಿದರೆಂದು ಹಾಡುಗಾರರನ್ನು ಪೋಲೀಸರು ಹಿಡಿದೊಯ್ದ ಪ್ರಸಂಗಗಳು ಸರ್ಕಾರಿ ಕಾಗದಪತ್ರಗಳಲ್ಲಿಯೇ ದಾಖಲಾಗಿವೆ.

ಇದಕ್ಕೂ ಮೊದಲು ಐರಿಷ್ ಭಾಷೆಯಲ್ಲಿಯೇ ರಾಜಕೀಯ ಗೀತದ ಒಂದು ಪ್ರಕಾರವಿತ್ತು. ಅದಕ್ಕೆ ಆಶ್ಲಿಂಗ್ ಎಂದು ಹೆಸರು. ಕನಸು, ದರ್ಶನ ಎಂದರ್ಥ. ಕವಿ ಕನಸಿನಲ್ಲಿ ಒಬ್ಬ ಸುಂದರಿಯನ್ನು ಕಾಣುತ್ತಾನೆ. ಆಕೆ ಐರ್ಲೆಂಡ್ ದೇವಿ. ತನ್ನ ನಿಜವಾದ ಒಡೆಯ ಬರುವುದನ್ನು ಕಾಯುತ್ತಿದ್ದಾಳೆ. ಹದಿನೆಂಟನೆಯ ಶತಮಾನದ ಮನ್‌ಸ್ಟರ್ ಪ್ರಾಂತದ ಕವಿಗಳು ಇದರಲ್ಲಿ ಸಿದ್ಧಹಸ್ತರು. ಅವರಲ್ಲೊಬ್ಬನಾದ ಓವನ್ ರೂಅ ಓ ಸಲಿವನ್ ಕೂಲಿ ಮಾಡಿದವನು, ಊರಮಠದಂಥ ಶಾಲೆಯಲ್ಲಿ ಪಾಠ ಹೇಳಿದವನು ಎಂಬುದನ್ನು ನಮ್ಮ ವೃತ್ತಿಬಾಂಧವರು ಗಮನಿಸಬೇಕು.

೧೮೪೨ರಲ್ಲಿ ತಾಮಸ್ ಡೇವಿಸ್ ಮತ್ತು ಅವನ ಇಬ್ಬರು ಗೆಳೆಯರು ‘ನೇಷನ್’ ಎಂಬ ಪತ್ರಿಕೆಯನ್ನು ಆರಂಭಿಸಿದರು. ಓದು ಬಾರದವರಿಗೂ ಸ್ವಾತಂತ್ರ್ಯದ ವಿಚಾರವನ್ನು ಮುಟ್ಟಿಸಲು ಹಾಡಿಗಿಂತ ಒಳ್ಳೆಯ ವಾಹನವಿಲ್ಲವೆಂದು ಡೇವಿಸ್ ಬಲ್ಲವನಾಗಿದ್ದನು. ಜನಕ್ಕೆ ತಿಳಿದ ಮಟ್ಟುಗಳಿಗೆ ಹೊಸ ಲಾವಣಿಗಳನ್ನು ತಾನೂ ಬರೆದನು, ಇತರರಿಂದಲೂ ಬರೆಯಿಸಿದನು. ಮರುವರ್ಷವೇ ಅವುಗಳ ಸಂಕಲನ ಹೊರಬಂದಿತು.

ಇಲ್ಲಿ ಸಂಶೋಧಕನು ಎಚ್ಚರದಿಂದಿರಬೇಕಾದ ಒಂದು ಸಂಗತಿಯಿದೆ. ೧೭೯೮ರಲ್ಲಿ ಐರ್ಲೆಂಡಿನಲ್ಲಿ ದೊಡ್ಡ ದಂಗೆಯಾಯಿತು. ಆ ದಂಗೆಯ ಹಾಡುಗಳೆಂದು ಇಂದು ಜನ ಹಾಡುವವುಗಳಲ್ಲಿ ತುಂಬ ಪ್ರಸಿದ್ಧವಾದ ಒಂದನ್ನು ಜಾನ್ ಕೆಲ್ಸ್ ಇನ್‌ಗ್ರಮ್ ಎಂಬ ಕಾಲೇಜು ವಿದ್ಯಾರ್ಥಿ ಬರೆದುದು ೧೮೪೩ರಲ್ಲಿ. ‘ಕ್ರಾಪಿ ಬಾಯ್’ ಎಂಬ ಲಾವಣಿಯ ಬೀದಿಯ ಪಾಠ ಹಳೆಯದು. ಆದರೆ ಹೆಚ್ಚು ಬಳಕೆಯಾದ ಪಾಠ ಅಚ್ಚಾದುದು ೧೮೪೫ರಲ್ಲಿ. ‘ಬೂಲವೋಗ್’ ಎಂಬುದನ್ನು ಪಿ. ಜೆ. ಮೆಕಾಲ್ ರಚಿಸಿದುದು ದಂಗೆಯ ಶತಮಾನೋತ್ಸವಕ್ಕೆ, ೧೮೯೮ರಲ್ಲಿ. ಕೇಳುವವರಿಗೆ ಇವೆಲ್ಲ ರಣರಂಗದಲ್ಲಿ ಹುಟ್ಟಿದಂತೆಯೇ ತೋರುತ್ತವೆ. ಹಾಡು ಯಾವ ಘಟನೆಯನ್ನು ಹೇಳುತ್ತದೆಯೋ ಆ ಘಟನೆಯ ಕಾಲವೇ ಹಾಡಿನ ಕಾಲ ಎಂದು ತಿಳಿಯುವುದು ತಪ್ಪು. ಈ ಲಾವಣಿಗಳು ೧೭೯೮ರ ವಿಚಾರವನ್ನು ಹೇಳುವುದಕ್ಕಿಂತ, ಮುಂದಿನ ತಲೆಮಾರುಗಳು ೧೭೯೮ನ್ನು ಹೇಗೆ ನೆನೆಯಬಯಸಿದುವು ಎಂಬುದನ್ನೇ ಹೆಚ್ಚಾಗಿ ಹೇಳುತ್ತವೆ.

ಈ ವಿವೇಚನೆಯನ್ನು ಕ್ರಮವಾಗಿ ನಡೆಸಿದ ಜಾರ್ಜ್ ಡೆನಿಸ್ ಜಿಮ್ಮರ್‌ಮನ್ ಐರಿಷನಲ್ಲ, ಸ್ವಿಟ್ಜರ್‌ಲೆಂಡಿನ ವಿದ್ವಾಂಸ. ೧೭೮೦ರಿಂದ ೧೯೦೦ರವರೆಗಿನ ರಾಜಕೀಯ ಲಾವಣಿಗಳನ್ನು ಕುರಿತ ಆತನ ಗ್ರಂಥ ೧೯೬೭ರಲ್ಲಿ ಡಬ್ಲಿನ್ನಿನಲ್ಲಿ ಪ್ರಕಟವಾಯಿತು. ಮುದ್ರಕನಾರು, ಹಾಡಿದವನಾರು, ಮಟ್ಟು ಯಾವುದು, ಕಾಲ ಯಾವುದು ಎಂದು ಒಂದೊಂದು ಲಾವಣಿಯನ್ನೂ ಆತ ವಿಚಾರಿಸಿದನು. ದಂಗೆಕೋರರ ಹಾಡುಗಳ ಜತೆಗೆ ಇಂಗ್ಲೆಂಡಿನ ದೊರೆಗೆ ನಿಷ್ಠರಾದ ಪ್ರೊಟೆಸ್ಟೆಂಟ್ ಪಂಗಡದ ಹಾಡುಗಳಿಗೂ ಜಾಗ ಕೊಟ್ಟನು. ಇದು ನ್ಯಾಯವಾದದ್ದೇ. ಏಕೆಂದರೆ ಮಟ್ಟಿಗೆ ಪಕ್ಷವಿಲ್ಲ. ದೊರೆ ವಿಲಿಯಮನ ಗೆಲುವನ್ನು ಹೊಗಳುವ ‘ಬಾಯ್ನ್ ವಾಟರ್’ ಎಂಬ ಹಾಡಿನ ಮಟ್ಟಿನಲ್ಲಿಯೇ, ವಿಲಿಯಮನ ವೈರಿವಂಶದ ಮರಳುವಿಕೆಯನ್ನು ಹಾರೈಸುವ ಮನ್‌ಸ್ಟರಿನ ಒಂದು ಐರಿಷ್ ರಣಗೀತವೂ ಇದೆ. ಬೀದಿಯ ಎರಡು ಕಡೆ ಎರಡು ಮೆರವಣಿಗೆ. ಕೊಳಲಿನಲ್ಲಿ ಮಾತ್ರ ಒಂದೇ ಮಟ್ಟು.

ಕ್ಷಾಮ, ಶಾಲೆ ಮತ್ತು ಒಬ್ಬ ಉಪಾಧ್ಯಾಯ

೧೮೪೫ರಲ್ಲಿ ಆಲೂಗೆಡ್ಡೆಯ ಬೆಳೆಗೆ ರೋಗ ತಗಲಿತು. ಬಡವರ ಆಹಾರವೆಲ್ಲ ಅದೊಂದೇ ಆಗಿದ್ದುದರಿಂದ ಭೀಕರ ಕ್ಷಾಮ ಬಂದಿತು. ಸುಮಾರು ಹತ್ತು ಲಕ್ಷ ಜನ ಸತ್ತರು. ಅಷ್ಟೇ ಜನ ಹಡಗು ಹತ್ತಿ ದೇಶಾಂತರ ಹೋದರು. ೧೮೪೧ರಲ್ಲಿ ೮೧ ಲಕ್ಷಕ್ಕೂ ಹೆಚ್ಚಿದ್ದ ಜನಸಂಖ್ಯೆ ೧೮೫೧ರಲ್ಲಿ ಸುಮಾರು ೬೫ ಲಕ್ಷಕ್ಕೆ ಇಳಿಯಿತು. ಅಳಿದವರಲ್ಲಿ, ಹೋದವರಲ್ಲಿ ಹೆಚ್ಚಿನವರು ಪಶ್ಚಿಮದ ಐರಿಷ್ ಮಾತಿನ ಬಡವರು. ಹಾಡುಗಳ ಕಣಜವೂ ಅವರೇ. ೧೮೫೧ರಲ್ಲಿ ಐರಿಷ್ ಬಲ್ಲವರು ಸುಮಾರು ೧೫ ಲಕ್ಷ. ೧೮೯೧ರಲ್ಲಿ ೭ ಲಕ್ಷಕ್ಕಿಂತ ಕಡಮೆ.

ಭಾಷೆಯ ಈ ಇಳಿತಕ್ಕೆ ಕ್ಷಾಮವೊಂದೇ ಕಾರಣವಲ್ಲ. ೧೮೩೧ರಲ್ಲಿ ಆರಂಭವಾದ ಸರ್ಕಾರಿ ಶಾಲೆಗಳಲ್ಲಿ ಇಂಗ್ಲೀಷಿಗೆ ಮಾತ್ರ ಸ್ಥಾನವಿತ್ತು. ಮಗುವಿನ ಕೊರಳಿಗೆ ಒಂದು ಕೋಲನ್ನು ಕಟ್ಟಿ, ಅದು ಐರಿಷ್ ನುಡಿದಾಗಲೆಲ್ಲ ಕೋಲಿನ ಮೇಲೆ ಒಂದೊಂದು ಗೀರು ಹಾಕಿ, ಗೀರುಗಳನ್ನು ಎಣಿಸಿ ಶಿಕ್ಷೆ ಕೊಡುವ ಪದ್ಧತಿ ಹಲವೆಡೆ ನಡೆದಿತ್ತು. ಮಕ್ಕಳಿಗೆ ಅನ್ನದ ದಾರಿಯಾಗಲೆಂದು ತಂದೆತಾಯಿಗಳೂ ಇದಕ್ಕೆ ಒಪ್ಪಿದರು. ಉಪಾಧ್ಯಾಯರಾದ ನಾವು ಈ ಮಾತನ್ನು ಓದಿ ಮುಂದಕ್ಕೆ ಹೋಗಿಬಿಡುವಂತಿಲ್ಲ.

ಆದರೆ ಅದೇ ಶಾಲೆಗಳಿಂದ ಬಂದ ಒಬ್ಬ ಉಪಾಧ್ಯಾಯನ ಕಥೆಯನ್ನೂ ಹೇಳಬೇಕು. ಪ್ಯಾಟ್ರಿಕ್ ವೆಸ್ಟನ್ ಜಾಯ್ಸ್ ೧೮೨೭ರಲ್ಲಿ ಲಿಮರಿಕ್ ಜಿಲ್ಲೆಯಲ್ಲಿ ಹುಟ್ಟಿದನು. ಸರ್ಕಾರಿ ಶಾಲೆಗಳ ಉಪಾಧ್ಯಾಯನಾಗಿ, ಕೊನೆಗೆ ಡಬ್ಲಿನ್ನಿನ ಉಪಾಧ್ಯಾಯರ ತರಬೇತಿ ಕಾಲೇಜಿನ ಮುಖ್ಯಸ್ಥನಾದನು. ಆ ಕಾಲದಲ್ಲಿ ಜಾರ್ಜ್ ಪೆಟ್ರಿ ಎಂಬ ಚಿತ್ರಕಾರನೂ ಪುರಾತತ್ತ್ವಜ್ಞನೂ ಆದ ವಿದ್ವಾಂಸ ಹಳೆಯ ಮಟ್ಟುಗಳನ್ನು ಕೂಡಿಸುತ್ತಿದ್ದನು. ಕ್ಷಾಮವು ಹಾಡುಗಳನ್ನು ಹಾಡುಗಾರರೊಡನೆಯೇ ಹೂಳುತ್ತಿದ್ದುದನ್ನು ಕಂಡು ಅವನೂ ಸ್ನೇಹಿತರೂ ೧೮೫೧ರಲ್ಲಿ ಒಂದು ಸಂಘವನ್ನು ಕಟ್ಟಿದ್ದರು. ಪೆಟ್ರಿಯ ಸಂಗ್ರಹ ೧೮೫೫ರಲ್ಲಿ ಅಚ್ಚಾಯಿತು. ಮುಂದೆ ‘ಲಂಡನ್‌ಡೆರಿ ಏರ್’ ಎಂದು ಜಗತ್ಪ್ರಸಿದ್ಧವಾದ ಮಟ್ಟು ಮೊದಲು ಬೆಳಕು ಕಂಡುದು ಅದರಲ್ಲಿಯೇ. ಅದನ್ನು ಬರೆದುಕೊಟ್ಟವಳು ಲಿಮವಾಡಿ ಊರಿನ ಜೇನ್ ರಾಸ್.

ಆ ಸಂಗ್ರಹಗಳನ್ನು ಮಗುಚಿ ನೋಡಿದ ಜಾಯ್ಸನಿಗೆ ಒಂದು ಸಂಗತಿ ಹೊಳೆಯಿತು. ತಾನು ಬಾಲ್ಯದಲ್ಲಿ ತನ್ನ ಕಣಿವೆಯ ಊರಿನಲ್ಲಿ ಕೇಳಿದ ಎಷ್ಟೋ ಹಾಡುಗಳು ಅವುಗಳಲ್ಲಿ ಇರಲಿಲ್ಲ. ತನ್ನ ನೆನಪೇ ಒಂದು ಭಂಡಾರವೆಂದು ತಿಳಿದು ಆತ ಬರೆಯತೊಡಗಿದನು. ರಜೆಯಲ್ಲಿ ಊರಿಗೆ ಹೋದಾಗ ಇತರರಿಂದಲೂ ಕೇಳಿ ಬರೆದನು. ೧೮೭೩ರಲ್ಲಿ ಒಂದು ಸಂಗ್ರಹ, ೧೯೦೯ರಲ್ಲಿ ೮೪೨ ಮಟ್ಟುಗಳ ಇನ್ನೊಂದು ಸಂಗ್ರಹ ಪ್ರಕಟವಾದವು. ಮಟ್ಟು ಎಲ್ಲಿಯದು, ಯಾರು ಹಾಡಿದ್ದು, ಯಾವ ಸಂದರ್ಭದ್ದು ಎಂದು ಸಾಧ್ಯವಾದ ಕಡೆಯಲ್ಲೆಲ್ಲ ಗುರುತು ಹಾಕಿದನು. ಮಾತೃಭಾಷೆಯನ್ನು ಹೊರಗಿಟ್ಟ ಶಾಲೆಯ ವ್ಯವಸ್ಥೆಯಲ್ಲಿದ್ದುಕೊಂಡೇ ಆತ ಈ ಕೆಲಸ ಮಾಡಿದನು.

ದೇಶಾಂತರ ಹೋದವರೊಡನೆ ಸಂಗೀತವೂ ಹೋಯಿತು. ಕ್ಷಾಮದ ನಡುವೆ, ೧೮೪೮ರಲ್ಲಿ, ಕಾರ್ಕ್ ಜಿಲ್ಲೆಯ ಟ್ರಾಲಿಬೇನಿನಲ್ಲಿ ಹುಟ್ಟಿದ ಫ್ರಾನ್ಸಿಸ್ ಓ ನೀಲ್ ಹಡಗಿನ ಆಳಾಗಿ ಹೊರಟು ಕೊನೆಗೆ ಅಮೇರಿಕದ ಶಿಕಾಗೋ ನಗರದಲ್ಲಿ ಪೋಲೀಸು ಮುಖ್ಯಸ್ಥನಾದನು. ತನ್ನಂತೆಯೇ ಬಂದು ನೆಲೆಸಿದ ಐರಿಷರ ಪಿಟೀಲು, ಕೊಳಲುಗಳಿಂದ ಮಟ್ಟುಗಳನ್ನು ಆತ ಕಿವಿಯಲ್ಲಿ ತುಂಬಿಕೊಂಡು ಬರುವನು. ಸ್ವರಲಿಪಿ ಬಲ್ಲ ಜೇಮ್ಸ್ ಓ ನೀಲ್ ಎಂಬ ಸಹೋದ್ಯೋಗಿ ಬರೆದುಕೊಳ್ಳುವನು. ೧೯೦೩ರಲ್ಲಿ ಅಚ್ಚಾದ ಆ ಸಂಗ್ರಹದಲ್ಲಿ ೧,೮೫೦ ಮಟ್ಟುಗಳಿವೆ; ೧೯೦೭ರದರಲ್ಲಿ ೧,೦೦೧. ಊರಿನಲ್ಲಿ ಮರೆತ ಕುಣಿತದ ಮಟ್ಟುಗಳನ್ನು ಊರಿನವರೇ ಮುಂದೆ ಶಿಕಾಗೋದ ಪುಸ್ತಕದಿಂದ ಮರಳಿ ಕಲಿತರು. ತಾಯ್ನಾಡಿನ ಹೊರಗಿರುವವರು ಸಂಸ್ಕೃತಿಯ ಅಂಚಿನಲ್ಲಿದ್ದಾರೆಂದು ಭಾವಿಸುವವರು ಇದನ್ನು ಯೋಚಿಸಬೇಕು.

ಅಗಲಿದ್ದು ಕೂಡಿದ ಬಗೆ

ಇಪ್ಪತ್ತನೆಯ ಶತಮಾನದಲ್ಲಿ ಸಂಶೋಧನೆಯ ದಿಕ್ಕು ಬದಲಾಯಿತು. ಎಷ್ಟು ಮಟ್ಟುಗಳು ಎಂಬ ಪ್ರಶ್ನೆಯ ಜತೆಗೆ ಯಾರ ಬಾಯಿಂದ, ಯಾವ ಮಾತಿನೊಡನೆ ಎಂಬ ಪ್ರಶ್ನೆಯೂ ಸೇರಿತು. ಬಂಟಿಂಗನ ಹಸ್ತಪ್ರತಿಗಳು ಅವನ ವಂಶಸ್ಥರಲ್ಲಿ ಇದ್ದುದನ್ನು ಷಾರ್ಲಟ್ ಮಿಲಿಗನ್ ಫಾಕ್ಸ್ ಎಂಬ ವಿದುಷಿ ಪತ್ತೆಹಚ್ಚಿ ೧೯೧೧ರಲ್ಲಿ ಒಂದು ಗ್ರಂಥ ಬರೆದರು. ಹಸ್ತಪ್ರತಿಗಳು ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾಲಯಕ್ಕೆ ಸೇರಿದವು. ಡೋನಲ್ ಓ ಸಲಿವನ್ ಎಂಬ ವಿದ್ವಾಂಸರು ಆ ಕಟ್ಟುಗಳನ್ನು ಬಿಚ್ಚಿ, ಬಂಟಿಂಗ್ ಬರೆದ ಮಟ್ಟಿಗೆ ಲಿಂಚ್ ಬರೆದ ಮಾತನ್ನು ಹುಡುಕಿ ಜೋಡಿಸಿ, ೧೯೨೭ರಿಂದ ೧೯೩೯ರವರೆಗೆ ಐರಿಷ್ ಜನಪದಗೀತ ಸಂಘದ ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರು ಬಿಟ್ಟುಹೋದ ಶೇಷಕಾರ್ಯವನ್ನು ಮೀಹಾಲ್ ಓ ಸೂಲಿವಾನ್ ಪೂರೈಸಿದರು. ಆ ಸಂಪುಟ ೧೯೮೩ರಲ್ಲಿ ಬಂದಿತು. ಒಂದು ಹಾಡಿನ ಎರಡು ಭಾಗಗಳು ಮರಳಿ ಒಂದೇ ಪುಟಕ್ಕೆ ಬರಲು ನೂರಿಪ್ಪತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ಲಿಂಚನ ಹೊತ್ತಗೆ ಯಾವುದೋ ಅಟ್ಟದಲ್ಲಿ ಗೆದ್ದಲಿಗೆ ಈಡಾಗಿದ್ದರೆ ಆ ಕೂಡಿಕೆ ಎಂದೆಂದಿಗೂ ಆಗುತ್ತಿರಲಿಲ್ಲ.

೧೯೩೫ರಲ್ಲಿ ಐರಿಷ್ ಸರ್ಕಾರ ಜಾನಪದ ಆಯೋಗವನ್ನು ಸ್ಥಾಪಿಸಿತು. ಅದರ ಸಂಗೀತ ಸಂಗ್ರಾಹಕನಾಗಿ ೧೯೪೨ರಿಂದ ೧೯೪೭ರವರೆಗೆ ಶೇಮಸ್ ಎನ್ನಿಸ್ ಕೆಲಸ ಮಾಡಿದರು. ಯುದ್ಧಕಾಲ, ಪೆಟ್ರೋಲಿಲ್ಲ. ಬೈಸಿಕಲ್ಲು, ಪೆನ್ಸಿಲು, ಕಾಗದ ಇಷ್ಟೇ ಸಾಮಗ್ರಿ. ಅವರು ಸ್ವತಃ ನುರಿತ ವಾದಕರು. ಐರಿಷ್ ಭಾಷೆಯನ್ನು ಆಯಾ ಪ್ರಾಂತದ ಉಚ್ಚಾರದಲ್ಲಿಯೇ ಆಡಬಲ್ಲವರು. ಆದ್ದರಿಂದ ಮಟ್ಟನ್ನೂ ಮಾತನ್ನೂ ಒಂದೇ ಕೈ ಬರೆಯಿತು. ಕಾನಮಾರದ ಗ್ಲಿನ್‌ಸ್ಕ್ ಎಂಬಲ್ಲಿನ ಕೊಲಮ್ ಓ ಕೀಯಾನ್ ಒಬ್ಬನಿಂದಲೇ ಇನ್ನೂರಕ್ಕೂ ಹೆಚ್ಚು ಹಾಡು, ಮಟ್ಟುಗಳು ದೊರೆತವು. ಎನ್ನಿಸ್ ಬರೆದ ದಿನಚರಿಗಳು ಈಗ ಗ್ರಂಥರೂಪದಲ್ಲಿವೆ. ಹಾಡುವವನೊಡನೆ ಕುಳಿತು ಉಂಡು, ಅವನ ಕೆಲಸದ ವೇಳೆಯನ್ನು ಕಾದು, ಅವನಿಗೆ ಮನಸ್ಸು ಬಂದಾಗ ಬರೆದುಕೊಳ್ಳುವ ತಾಳ್ಮೆ ಎಂಥದೆಂದು ಅವುಗಳಿಂದ ತಿಳಿಯುತ್ತದೆ.

ಆದರೆ ನಮ್ಮ ಸಂಘದವರಿಗೆ ಎಲ್ಲಕ್ಕಿಂತ ಬೋಧಪ್ರದವಾದುದು ಆ ಆಯೋಗದ ಶಾಲಾ ಸಂಗ್ರಹ. ೧೯೩೭ರಿಂದ ೧೯೩೯ರವರೆಗೆ ಸುಮಾರು ೫,೦೦೦ ಪ್ರಾಥಮಿಕ ಶಾಲೆಗಳ ೫೦,೦೦೦ಕ್ಕೂ ಹೆಚ್ಚು ಮಕ್ಕಳು ತಮ್ಮ ಅಜ್ಜ ಅಜ್ಜಿಯರಿಂದ, ನೆರೆಹೊರೆಯ ಮುದುಕರಿಂದ ಕಥೆ, ಹಾಡು, ಗಾದೆ, ಮದ್ದು, ಸ್ಥಳಪುರಾಣಗಳನ್ನು ಕೇಳಿ ಬರೆದು ತಂದರು. ವಾರದ ಪ್ರಬಂಧರಚನೆಯ ವೇಳೆಯನ್ನೇ ಇದಕ್ಕೆ ಬಿಟ್ಟುಕೊಡಲಾಯಿತು. ಯಾವ ಯಾವ ವಿಷಯವನ್ನು ಕೇಳಬೇಕೆಂದು ಉಪಾಧ್ಯಾಯರಿಗೆ ಒಂದು ಕೈಪಿಡಿ ಬಂದಿತು. ಒಳ್ಳೆಯ ಬರಹಗಳನ್ನು ದೊಡ್ಡ ಪುಸ್ತಕಕ್ಕೆ ನಕಲು ಮಾಡಿಸಿ, ಹೇಳಿದವರ ಹೆಸರು, ಊರುಗಳನ್ನು ಕಾಣಿಸಿ ಕಳುಹಿಸಿಕೊಟ್ಟರು. ಮಕ್ಕಳ ಪುಸ್ತಕಗಳೂ ನಕಲುಗಳೂ ಸೇರಿ ಸುಮಾರು ೭,೪೦,೦೦೦ ಪುಟಗಳಾದವು. ಇಂದು ಅಂತರಜಾಲದಲ್ಲಿ ಯಾರು ಬೇಕಾದರೂ ಅವನ್ನು ಓದಬಹುದು. ನೂರು ವರ್ಷ ಹಿಂದೆ ಕೊರಳಿಗೆ ಕೋಲು ಕಟ್ಟಿದ ಶಾಲೆ, ಈಗ ಅಜ್ಜಿಯ ಮಾತನ್ನು ಬರೆದು ತಾ ಎಂದು ಮಗುವನ್ನು ಮನೆಗೆ ಕಳುಹಿಸಿತು.

ಈ ಸಂಗ್ರಹಕ್ಕೂ ಒಂದು ಗಡಿಯಿತ್ತು. ಐರ್ಲೆಂಡ್ ೧೯೨೧–೨೨ರಲ್ಲಿ ವಿಭಾಗವಾಗಿತ್ತು. ದಕ್ಷಿಣದ ೨೬ ಜಿಲ್ಲೆಗಳು ಸ್ವತಂತ್ರವಾದವು. ಉತ್ತರದ ೬ ಜಿಲ್ಲೆಗಳು ಬ್ರಿಟನ್ನಿನಲ್ಲಿಯೇ ಉಳಿದವು. ಶಾಲಾ ಸಂಗ್ರಹ ನಡೆದುದು ಆ ೨೬ ಜಿಲ್ಲೆಗಳಲ್ಲಿ ಮಾತ್ರ. ಬಂಟಿಂಗನ ಊರಾದ ಅರ್ಮಾ, ಹಾರ್ಪ್ ವಾದಕರು ಕೂಡಿದ ಬೆಲ್‌ಫಾಸ್ಟ್, ಜೇನ್ ರಾಸಳ ಲಿಮವಾಡಿ ಎಲ್ಲವೂ ಗೆರೆಯ ಆಚೆ ಉಳಿದವು. ಹಾಡಿಗೆ ಗಡಿಯಿಲ್ಲವೆಂಬುದು ನಿಜ. ಸಂಗ್ರಹದ ವ್ಯವಸ್ಥೆಗೆ ಮಾ‍ತ್ರ ಗಡಿಯಿರುತ್ತದೆ. ಗೆರೆಯ ಅಂಚಿನವರ ಹಾಡನ್ನು ಗೆರೆಯ ಅಂಚಿನವರೇ ಬರೆದಿಡಬೇಕಾಗುತ್ತದೆ.

ವಾದ್ಯಸಂಗೀತದ ಸಂಶೋಧನೆಯಲ್ಲಿ ಬ್ರೆಂಡಾನ್ ಬ್ರೆನಾಕ್ ಅವರ ಹೆಸರನ್ನು ಬಿಡುವಂತಿಲ್ಲ. ಸರ್ಕಾರಿ ನೌಕರರಾಗಿದ್ದ ಅವರು ಬಿಡುವಿನ ವೇಳೆಯಲ್ಲಿ ಕುಣಿತದ ಮಟ್ಟುಗಳನ್ನು ಕೂಡಿಸಿ ೧೯೬೩ರಲ್ಲಿ ಮೊದಲ ಸಂಪುಟ ತಂದರು. ಒಂದೊಂದು ಮಟ್ಟಿನ ಮೊದಲ ಸ್ವರಗಳನ್ನು ಅಂಕೆಗಳಾಗಿ ಬರೆದು ಚೀಟಿಗಳಲ್ಲಿ ಅಳವಡಿಸಿದರು. ಒಂದೇ ಮಟ್ಟಿಗೆ ಊರೂರಲ್ಲಿ ಹತ್ತು ಹೆಸರಿದ್ದರೂ ಅಂಕೆಗಳಿಂದ ಅದು ಒಂದೇ ಎಂದು ಹಿಡಿಯಬಹುದಾಯಿತು. ೧೯೮೭ರಲ್ಲಿ ಡಬ್ಲಿನ್ನಿನಲ್ಲಿ ಐರಿಷ್ ಸಾಂಪ್ರದಾಯಿಕ ಸಂಗೀತದ ಭಂಡಾರ ಸ್ಥಾಪನೆಯಾಯಿತು. ಆಲೋಯ್ಸ್ ಫ್ಲೈಷ್‌ಮನ್ ಎಂಬ ಕಾರ್ಕಿನ ಪ್ರಾಧ್ಯಾಪಕರು ಸುಮಾರು ೧೬೦೦ರಿಂದ ೧೮೫೫ರವರೆಗಿನ ಆಕರಗಳ ಮಟ್ಟುಗಳನ್ನೆಲ್ಲ ಒಂದೆಡೆ ಕೂಡಿಸಿದ ಎರಡು ಸಂಪುಟಗಳ ಮಹಾಗ್ರಂಥ, ಅವರು ತೀರಿಕೊಂಡ ಆರು ವರ್ಷಗಳ ಮೇಲೆ, ೧೯೯೮ರಲ್ಲಿ ಹೊರಬಂದಿತು.

ಸಂಗ್ರಹದಿಂದ ಸೃಷ್ಟಿಗೆ

ಕೂಡಿಟ್ಟುದನ್ನು ಏನು ಮಾಡಬೇಕು? ಶಾನ್ ಓ ರಿಯಾಡ ಎಂಬ ಸಂಗೀತ ರಚನಕಾರರು ಈ ಪ್ರಶ್ನೆಯನ್ನು ಎದುರಿಸಿದರು. ೧೯೧೬ರ ದಂಗೆಯನ್ನೊಳಗೊಂಡ ಐರ್ಲೆಂಡಿನ ಹೋರಾಟವನ್ನು ಕುರಿತ ‘ಮಿಶ ಏರ’ ಎಂಬ ಚಲನಚಿತ್ರಕ್ಕೆ ೧೯೫೯ರಲ್ಲಿ ಅವರು ಸಂಗೀತ ಒದಗಿಸಿದರು. ‘ರೋಶೀನ್ ಡೂ’, ಎಂದರೆ ಕರಿಯ ಪುಟ್ಟ ಗುಲಾಬಿ, ಎಂಬ ಹಳೆಯ ಹಾಡು ಐರ್ಲೆಂಡ್ ದೇವಿಯ ಸಂಕೇತವೆಂದು ಜನಕ್ಕೆ ಗೊತ್ತು. ಆ ಮಟ್ಟನ್ನು ದೊಡ್ಡ ವಾದ್ಯವೃಂದಕ್ಕೆ ಅಳವಡಿಸಿದಾಗ ಇಡೀ ದೇಶ ಪುಳಕಗೊಂಡಿತು.

ಆದರೆ ಅವರಿಗೆ ಅಷ್ಟರಿಂದ ತೃಪ್ತಿಯಾಗಲಿಲ್ಲ. ೧೯೬೨ರಲ್ಲಿ ಆಕಾಶವಾಣಿಯಲ್ಲಿ ಕೊಟ್ಟ ಉಪನ್ಯಾಸಮಾಲೆಯಲ್ಲಿ ಐರಿಷ್ ಸಂಗೀತವನ್ನು ಅದರದೇ ಲಕ್ಷಣದಿಂದ ಅಳೆಯಬೇಕೆಂದು ವಾದಿಸಿದರು. ಶಾನ್-ನೋಸ್, ಎಂದರೆ ಹಳೆಯ ರೀತಿ, ಎಂಬ ಗಾಯನದಲ್ಲಿ ಪಕ್ಕವಾದ್ಯವಿಲ್ಲ; ಒಬ್ಬನೇ ಹಾಡುತ್ತಾನೆ; ಒಂದೊಂದು ಪದ್ಯದಲ್ಲಿಯೂ ಗಮಕಗಳು ಬದಲಾಗುತ್ತವೆ; ಲಯ ಮಾತಿನ ಬೆನ್ನುಹಿಡಿದು ಹೋಗುತ್ತದೆ. ಅದನ್ನು ಕೇಳುವಾಗ ಐರೋಪ್ಯ ಸಂಗೀತವನ್ನಲ್ಲ, ಭಾರತೀಯ ಸಂಗೀತವನ್ನು ನೆನೆಯುವುದು ಮೇಲೆಂದು ಅವರು ಸೂಚಿಸಿದರು. ನಮ್ಮ ವಾಚಕರಿಗೆ ಈ ಮಾತು ಹತ್ತಿರವಾಗಿ ತೋರದಿರದು. ಬಳಿಕ ಕಾರ್ಕಿನ ಕಾಲೇಜಿನಲ್ಲಿ ಉಪನ್ಯಾಸಕರಾಗಿ, ಐರಿಷ್ ಮಾತಿನ ಕೂಲೇ ಎಂಬ ಊರಿನಲ್ಲಿ ಮನೆಮಾಡಿ, ಹಳ್ಳಿಗರ ಗಾಯನಮೇಳವನ್ನು ಕಟ್ಟಿದರು. ೧೯೭೧ರಲ್ಲಿ, ನಲವತ್ತರ ವಯಸ್ಸಿನಲ್ಲಿಯೇ, ತೀರಿಕೊಂಡರು.

ಇದಕ್ಕೆ ಪ್ರತಿವಾದವೂ ಉಂಟು. ಹ್ಯಾರಿ ವೈಟ್ ಎಂಬ ಸಂಗೀತ ವಿದ್ವಾಂಸರು ೧೯೯೮ರ ತಮ್ಮ ಗ್ರಂಥದಲ್ಲಿ ಬೇರೆ ಮಾತು ಹೇಳಿದರು. ಹಳೆಯ ಮಟ್ಟು ರಾಷ್ಟ್ರದ ಲಾಂಛನವಾಗಿಬಿಟ್ಟುದರಿಂದ ರಚನಕಾರರ ಕೈ ಕಟ್ಟಿಹೋಯಿತು. ಅದನ್ನು ಪೂಜಿಸಬೇಕು, ಇಲ್ಲವೇ ಬಿಟ್ಟುಬಿಡಬೇಕು ಎಂಬಂತಾಯಿತು. ಇದರಿಂದ ಹೊಸ ಶಾಸ್ತ್ರೀಯ ರಚನೆ ಕುಂಠಿತವಾಯಿತು ಎಂಬುದು ಅವರ ವಾದದ ಸಾರ. ಎಲ್ಲರೂ ಇದನ್ನು ಒಪ್ಪಲಿಲ್ಲ. ಆದರೆ ಲಾಂಛನವಾದ ಹಾಡನ್ನು ಜನ ವಂದಿಸುತ್ತಾರೆ, ಕೇಳುವುದಿಲ್ಲ ಎಂಬ ಎಚ್ಚರಿಕೆ ಅದರಲ್ಲಿದೆ.

ಇತ್ತೀಚಿನ ಒಂದು ಕೃತಿ ಈ ವಾದಕ್ಕೆ ಕ್ರಿಯೆಯಿಂದಲೇ ಉತ್ತರ ಕೊಟ್ಟಂತಿದೆ. ೧೯೭೦ರಲ್ಲಿ ಹುಟ್ಟಿದ ಡೊನಾಖ ಡೆನಹಿ ೨೦೦೭ರಲ್ಲಿ ‘ಗ್ರಾ ಅಗಸ್ ಬಾಸ್’, ಎಂದರೆ ಪ್ರೇಮ ಮತ್ತು ಮರಣ, ಎಂಬ ಕೃತಿಯನ್ನು ಒಬ್ಬ ಶಾನ್-ನೋಸ್ ಗಾಯಕನಿಗೂ ಒಂದು ಆಧುನಿಕ ವಾದ್ಯತಂಡಕ್ಕೂ ರಚಿಸಿದರು. ಅದಕ್ಕೆ ಬೀಜ ಒಂದು ಹಳೆಯ ಆಶ್ಲಿಂಗ್ ಗೀತ. ಇಲ್ಲಿ ಮಟ್ಟಿಗೆ ಸ್ವರಮೇಳದ ಅಂಗಿ ತೊಡಿಸಿಲ್ಲ. ಗಾಯಕನ ಉಸಿರು, ಗಮಕ, ಐರಿಷ್ ಅಕ್ಷರಗಳ ನಾದ ಇವುಗಳಿಂದಲೇ ವಾದ್ಯಗಳ ನಡೆ ಹುಟ್ಟಿಕೊಂಡಿದೆ. ಹಾಡಿದವರು ಇಯರ್ಲಾ ಓ ಲಿಯೊನಾರ್ಡ್. ಕೂಲೇ ಊರಿನವರು, ಓ ರಿಯಾಡ ಕಟ್ಟಿದ ಮೇಳದಲ್ಲಿ ಹಾಡಿ ಬೆಳೆದವರು. ಅವರ ದೊಡ್ಡಜ್ಜಿ ಎಲಿಜಬೆತ್ ಕ್ರೋನಿನ್ ಎಂಬಾಕೆಯ ಹಾಡುಗಳನ್ನು ಶೇಮಸ್ ಎನ್ನಿಸ್ ಸಂಗ್ರಹಿಸಿದ್ದರು. ಅಜ್ಜಿಯ ಅಡುಗೆಮನೆಯಿಂದ ಇಂದಿನ ಸಂಗೀತಸಭೆಯವರೆಗೆ ಎಳೆ ಕಡಿಯಲಿಲ್ಲ. ಮಾತನ್ನು ಬಿಟ್ಟು ಮಟ್ಟು ಒಂಟಿಯಾಗಿ ಬರಲಿಲ್ಲ.

ಕೊನೆಯ ಮಾತು

ಈ ಇತಿಹಾಸದಿಂದ ನಮಗೆ ತೋರುವುದಿಷ್ಟು. ಹಾಡನ್ನು ಬರೆಯುವಾಗ ಮಟ್ಟು, ಮಾತು, ಹಾಡಿದವರ ಹೆಸರು, ಊರು, ಸಂದರ್ಭ ಇವೈದನ್ನೂ ಒಂದೇ ಪುಟದಲ್ಲಿ ಬರೆಯತಕ್ಕದ್ದು. ಕೇಳಿದಂತೆ ಬರೆಯತಕ್ಕದ್ದು, ತಿದ್ದುವ ಆಸೆಯನ್ನು ಅದುಮಿಡತಕ್ಕದ್ದು. ಹಾಡಿನಲ್ಲಿ ಹಳೆಯ ರಾಜನ ಹೆಸರಿದೆಯೆಂದು ಹಾಡೂ ಅಷ್ಟೇ ಹಳೆಯದೆಂದು ಸಾರಬಾರದು. ಇಷ್ಟಕ್ಕೆ ದೊಡ್ಡ ಹಣವಾಗಲಿ ಯಂತ್ರವಾಗಲಿ ಬೇಕಿಲ್ಲ. ಇಂದು ಶಬ್ದಮುದ್ರಣದ ಸಾಧನ ಎಲ್ಲರ ಜೇಬಿನಲ್ಲಿಯೂ ಇದೆ. ಎನ್ನಿಸ್ ಅವರಿಗಿದ್ದುದು ಬೈಸಿಕಲ್ಲು ಮಾತ್ರ.

ನಮ್ಮ ಶಾಲೆಗಳ ಮಕ್ಕಳಲ್ಲಿ ಹಲವರ ಮನೆಮಾತು ಒಂದು, ಬೀದಿಯ ಮಾತು ಇನ್ನೊಂದು, ಪಾಠದ ಮಾತು ಮತ್ತೊಂದು. ಅವರ ಅಜ್ಜಿಯರಿಗೆ ಬರುವ ಹಾಡು ಅವರ ತಾಯಂದಿರಿಗೆ ಪೂರ್ತಿಯಾಗಿ ಬಾರದು. ವಾರಕ್ಕೊಂದು ಪ್ರಬಂಧದ ವೇಳೆ ನಮ್ಮ ವೇಳಾಪಟ್ಟಿಯಲ್ಲಿಯೂ ಇದೆ. ವರ್ಷದಲ್ಲಿ ನಾಲ್ಕೇ ನಾಲ್ಕು ವಾರ ಆ ವೇಳೆಯನ್ನು ಅಜ್ಜಿಯರಿಗೆ ಬಿಟ್ಟುಕೊಟ್ಟರೆ ಪಾಠಕ್ರಮಕ್ಕೆ ಲೋಪವೇನೂ ಬಾರದು. ಬಂಟಿಂಗನಿಗೆ ಸಿಕ್ಕಿದ್ದು ಹತ್ತು ಮಂದಿ ಐರಿಷ್ ವಾದಕರು, ನಾಲ್ಕು ದಿನ. ನಮ್ಮ ಪಾಲಿಗೆ ಇನ್ನೂ ಸ್ವಲ್ಪ ಹೆಚ್ಚಿನ ಜನವೂ ಹೆಚ್ಚಿನ ದಿನವೂ ಉಳಿದಿವೆಯೆಂದು ನಂಬಿ ಈ ಬರಹವನ್ನು ಮುಗಿಸುತ್ತೇವೆ.